ತಂಗಿಯ ಚಪ್ಪಲಿ

ಅಜ್ಜ ಆಸ್ಪತ್ರೆಯಿಂದ ಬಂದ ಪತ್ರವನ್ನು ಮೂರನೆಯ ಸಲ ಕೌಂಟರಿನ ಕಿಂಡಿಯೊಳಗೆ ತಳ್ಳಿದರು. ಕಂಕುಳಲ್ಲಿ ತಂಗಿಯ ಚಪ್ಪಲಿಗಳಿದ್ದವು; ಕರೆಸಿದ್ದಾರೆಂದರೆ ಅವಳನ್ನು ಮನೆಗೆ ಕಳಿಸುತ್ತಾರೆಂದೇ ಅವರು ತಿಳಿದಿದ್ದರು. ಗುಮಾಸ್ತೆ ಮತ್ತೆ ಅದನ್ನೇ ಓದಿದಳು: “ಸದರಿ ಒಳರೋಗಿಗೆ ಸಂಬಂಧಿಸಿದ ಮುಂದಿನ ಕ್ರಮಕ್ಕಾಗಿ ನಿಕಟ ಬಂಧುಗಳು ಖುದ್ದಾಗಿ ಹಾಜರಾಗತಕ್ಕದ್ದು.”

“ಖುದ್ದಾಗೇ ಬಂದಿದೀನಲ್ಲಮ್ಮ. ಈಗ ಅವಳನ್ನ ಕರ್ಕೊಂಡು ಹೋಗ್ಲೋ ಬೇಡ್ವೋ? ಆಡುಮಾತಲ್ಲಿ ಹೇಳು.”

ಗುಮಾಸ್ತೆ ಆಗ ಚಪ್ಪಲಿಗಳನ್ನು ನೋಡಿದಳು. ಪತ್ರವನ್ನು ಮಡಿಸಿ ಬದಿಗಿಟ್ಟು, ಹೊರಗೆ ಬಂದು ಅವರ ಪಕ್ಕದಲ್ಲಿ ಕೂತಳು. “ನಿಮ್ಮ ತಂಗಿ ನಿನ್ನೆ ತೀರಿಕೊಂಡ್ರು, ಅಜ್ಜ.”

ಅಜ್ಜನಿಗೆ ಉದ್ದುದ್ದ ಪ್ರಾರ್ಥನೆಗಳೆಲ್ಲ ಬಾಯಿಪಾಠವಾಗಿದ್ದವು. ಈಗ ಒಂದೂ ನೆನಪಾಗಲಿಲ್ಲ. ಚಪ್ಪಲಿಗಳನ್ನು ಮಡಿಲಲ್ಲಿ ಜೋಡಿಸಿಟ್ಟುಕೊಂಡು ಕಣ್ಣು ಮುಚ್ಚಿದರು.

“ಬರಿಗಾಲಲ್ಲಿ ಬರ್ತಾ ಇದಾಳೆ, ದೇವರೇ. ನೆಮ್ಮದಿಯಾಗಿ ನೋಡ್ಕೋ.”