ಮೀನಿನ ಕಣ್ಣು

"ಈ ಚಿತ್ರಗಳ ಬಣ್ಣ ಬದಲಾಯಿಸಿದ್ದು ಯಾರು?" ಶಾಮಲಾ ಮೇಡಂ ಎದ್ದು ನಿಂತರು.

"ನಾನೇ ಮೇಡಂ," ಎಂದ ಮುರಳಿ.

ಶಿವಮೊಗ್ಗದ ಕಾಲೇಜಿನ ಸೆಮಿನಾರ್ ಹಾಲ್. ಅವನ ಪಿಎಚ್.ಡಿ. ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಮುಂದಿನ ಸಾಲಿನಲ್ಲಿ ಕೂತಿತ್ತು. ಪರದೆಯ ಮೇಲೆ ಜೀಬ್ರಾ ಮೀನಿನ ಕಣ್ಣಿನ ಒಳಪದರ. ಕೆಂಪನ್ನು ಗುರುತಿಸುವ ಕೋಶಗಳನ್ನು ಕೆಂಪಾಗಿ, ಹಸಿರನ್ನು ಗುರುತಿಸುವವನ್ನು ಹಸಿರಾಗಿ ತೋರಿಸುವುದು ಆ ಲ್ಯಾಬಿನ ರೂಢಿ. ಮುರಳಿ ಅವನ್ನು ನೀಲಿ, ಹಳದಿ ಮಾಡಿದ್ದ.

ಹುಟ್ಟಿನಿಂದಲೇ ಅವನಿಗೆ ಕೆಂಪು-ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದಿನ ವಾರ ಅದು ಗೊತ್ತಾದಾಗ ಅವನ ಗೈಡ್ ಶಾಮಲಾ ಮೇಡಂ ಮೆತ್ತಗೇ ಹೇಳಿದ್ದರು: "ಈ ಕೆಲಸ ನಿನ್ ಕೈಲಿ ಆಗಲ್ಲಪ್ಪ. ನಮ್ ಲ್ಯಾಬಿನ ಸಂಧ್ಯಾಗೆ ಕೊಟ್ಬಿಡು." ಅವನು ಸೀದಾ ಭದ್ರಾವತಿಯ ಮನೆಗೆ ಬಸ್ ಹತ್ತಿದ್ದ.

"ಎಲ್ಲ ಕಡೆ ಕೆಂಪು-ಹಸಿರಲ್ಲೇ ತೋರಿಸ್ತಾರೆ. ನಿನಗೆ ಕಾಣಲ್ಲ ಅಂತ ಎಲ್ರೂ ಬದಲಾಗ್ಬೇಕಾ?" ಈಗ ಮೇಡಂ ಸಮಿತಿಯ ಎದುರೇ ಕೇಳಿದರು.

"ಯಾರೂ ಬದಲಾಗೋದು ಬೇಡ ಮೇಡಂ, ಚಿತ್ರ ಬದಲಾದ್ರೆ ಸಾಕು. ಈ ಬಣ್ಣ ಮೀನಿಂದೇನಲ್ಲ, ಕಂಪ್ಯೂಟರಲ್ಲಿ ನಾವು ಹಚ್ಚೋದು." ಅವನು ಪರದೆಯ ಹತ್ತಿರ ಹೋದ. "ಈ ಮೀನಲ್ಲಿ ಸ್ವಿಚ್ ಥರದ ಒಂದು ಜೀನ್ ಆಫ್ ಮಾಡಿದ್ದೀವಿ. ಅದು ಆಫ್ ಆದ್ರೆ ಹಸಿರು ಗುರುತಿಸೋ ಕೋಶ ತಯಾರಾಗೋದೇ ಇಲ್ಲ. ನೋಡಿ, ಹಳದಿ ಚುಕ್ಕೆ ಒಂದೂ ಇಲ್ಲ. ಇದನ್ನ ಕಂಡುಹಿಡಿದಿದ್ದು ನಾನೇ."

ಅವನು ಮೇಡಂ ಕಡೆ ತಿರುಗಿದ.

"ಬಣ್ಣ ಕಾಣದ ಮೀನನ್ನ ಅಷ್ಟು ಜೋಪಾನವಾಗಿ ಸಾಕ್ತೀವಿ. ಬಣ್ಣ ಕಾಣದ ಮನುಷ್ಯ ಮಾತ್ರ ಲ್ಯಾಬಲ್ಲಿ ಇರಬಾರ್ದಾ? ಈ ಕೆಲಸ ನಾನು ಯಾರಿಗೂ ಕೊಡಲ್ಲ ಮೇಡಂ. ಬೇಕಿದ್ರೆ ನನ್ನ ತೆಗೆದುಹಾಕಿ."

ಮೇಡಂ ಮುಖ ಬಿಗಿದುಕೊಂಡರು. "ಮಾಮೂಲಿ ಮೀನಿನ ಹಳೇ ಕೆಂಪು-ಹಸಿರು ಚಿತ್ರ ಹಾಕು. ಸಮಿತಿಯವರೇ ನೋಡಿ ಹೇಳ್ಲಿ."

ಮುರಳಿ ಹಾಕಿದ. ಅವನಿಗೆ ಕಂಡದ್ದು ಒಂದೇ ಬಗೆಯ ಮಂಕು ಚುಕ್ಕೆಗಳು. ಆದರೂ ಪರದೆಯಿಂದ ಮುಖ ತಿರುಗಿಸಲಿಲ್ಲ.

ಸಮಿತಿಯ ಅಧ್ಯಕ್ಷರಾದ ಹಿರಿಯ ಪ್ರೊಫೆಸರ್ ವೆಂಕಟಾಚಲ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಪರದೆಯತ್ತ ಬಾಗಿದರು. ಆಮೇಲೆ ಕುರ್ಚಿಗೆ ಒರಗಿದರು.

"ಆ ನೀಲಿ-ಹಳದೀದೇ ಹಾಕು ಮಾರಾಯ," ಎಂದರು. "ಇಷ್ಟು ವರ್ಷ ಇಂಥ ಚಿತ್ರ ಬಂದಾಗೆಲ್ಲ ನಾನು ಸುಮ್ನೆ ತಲೆ ಆಡಿಸ್ತಾ ಕೂತಿದ್ದೆ."