ಬಿಡುವಿಲ್ಲದ ಕೈ

ಆ ದಿನ ಬೆಳಿಗ್ಗೆ ನೀಲಗಿರಿಯ ಇತ್ತಲಾರಿನ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಕೂತಿತ್ತು. ತೋಟದಲ್ಲಿ ಚಹಾದ ಚಿಗುರೆಲ್ಲ ಸೀದು ಕಪ್ಪಾಗಿತ್ತು. ಎಲೆ ಕೀಳುವ ಕೆಲಸವಿಲ್ಲದೆ ಹಟ್ಟಿಯ ಮನೆಮನೆಯಲ್ಲೂ ಹೆಂಗಸರು ಒಲೆ ಕಾಯುತ್ತಿದ್ದರು. ಮಾದಿಯಮ್ಮನೂ ಕಂಬಳಿ ಹೊದ್ದು ಒಲೆಯ ಮುಂದೆಯೇ ಇದ್ದಳು. ಸೊಸೆ ಜನನಿ ಮಂಚದ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಬಿಚ್ಚಿದಳು. ಒಳಗಿದ್ದದ್ದು ಉದ್ದ ಹಿಡಿಯ ಒಂದು ಕಬ್ಬಿಣದ ಯಂತ್ರ.

"ಇದೇನು, ನೀರಿನ ಪಂಪಾ?"

"ದಾಳಿಂಬೆ ಹಿಂಡೋ ಮಿಷಿನ್, ಮಾಮಿ. ಕೊಯಮತ್ತೂರಲ್ಲಿ ನಾನಿದ್ದ ಜ್ಯೂಸ್ ಅಂಗಡಿಯವರು, ನಾನು ಕೆಲಸ ಬಿಟ್ಟು ಬರುವಾಗ ಕೊಟ್ಟಿದ್ದು. ತುರ್ಕಿ ದೇಶದಲ್ಲಿ ಬೀದಿಬೀದಿಯಲ್ಲಿ ಇಂಥದ್ದೇ ಇಟ್ಟಿರ್ತಾರಂತೆ. ಹಣ್ಣನ್ನ ಅಡ್ಡಕ್ಕೆ ಎರಡು ಹೋಳು ಮಾಡಿ, ಕವುಚಿ ಇಟ್ಟು, ಹಿಡಿ ಎಳೆದರೆ ಆಯ್ತು. ನೀರು ಬೇಡ, ಸಕ್ಕರೆ ಬೇಡ."

"ಕಾಳು ಬಿಡಿಸೋದೂ ಬೇಡವಾ? ಸೋಮಾರಿಗಳ ದೇಶ ಅನ್ನು."

ಜನನಿ ನಗಲಿಲ್ಲ. ಜ್ವರ ಬಿಟ್ಟ ಮೇಲೂ ಅತ್ತೆ ಏಳಲಾರದೆ ಕುಳಿತಿದ್ದಳು. ಮೈಯಲ್ಲಿ ರಕ್ತ ಸಾಲದು, ದಾಳಿಂಬೆ ಕೊಡಿ ಎಂದಿದ್ದಳು ನರ್ಸು. ಗಂಡ ಗಿರಿಧರನ್ ಊಟಿಯ ಮಾರ್ಕೆಟ್ಟಿನಿಂದ ಒಂದು ಚೀಲ ಹಣ್ಣು ತಂದಿಟ್ಟು ಡ್ಯೂಟಿಗೆ ಹೋಗಿದ್ದ. ಇಂದು ಮನೆಯಲ್ಲಿ ಇವರಿಬ್ಬರೇ. ಈ ಒಂದು ಲೋಟವನ್ನಾದರೂ ಅತ್ತೆ ಮೆಚ್ಚಿ ಕುಡಿಯಲಿ ಎಂದು ಜನನಿ ಏಳುವಾಗಲೇ ದೇವರಿಗೆ ಹೇಳಿಕೊಂಡಿದ್ದಳು.

ಬಡಗರ ಹಟ್ಟಿಯಲ್ಲಿ ಕಿರಿಯರು ತಲೆ ಬಾಗಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು "ಬದುಕು, ಒಂದು ಸಾವಿರವಾಗಲಿ" ಎನ್ನಬೇಕು. ಹಾದಿಯಲ್ಲಿ ಎದುರಾದ ಯಾರದೋ ಮನೆಯ ಮುದುಕಿಯೂ ಅಷ್ಟು ಕೊಟ್ಟೇ ಮುಂದೆ ಹೋಗುತ್ತಾಳೆ. ಮಾದಿಯಮ್ಮ ಮಾತ್ರ ಸೊಸೆಗೆ ಅದನ್ನು ಕೊಟ್ಟಿರಲಿಲ್ಲ. ಮಗ ಹೇಳದೆ ಕೇಳದೆ ಕೊಯಮತ್ತೂರಿನಲ್ಲಿ ಮದುವೆಯಾಗಿ, ಸಂಜೆಯ ಬಸ್ಸಿಗೆ ಹೆಂಡತಿಯನ್ನು ಕರೆತಂದು ನಿಲ್ಲಿಸಿದಾಗ ಜನನಿ ಹೊಸ್ತಿಲಲ್ಲೇ ಬಾಗಿದ್ದಳು. "ಕೈಯಲ್ಲಿ ಹಿಟ್ಟಿದೆ" ಎಂದಿದ್ದಳು ಅತ್ತೆ. ಹಬ್ಬದ ದಿನ ಬಾಗಿದರೆ ಕೈ ಒದ್ದೆ. ಮುಂದಿನ ಹಬ್ಬಕ್ಕೆ ಕೈಗೆ ಎಲೆಯ ಕರೆ. ಒಂದು ಬೈಗುಳವಿಲ್ಲ, ಉಣ್ಣಲು ಉಡಲು ಕೊರತೆಯಿಲ್ಲ. ಕೈಗೆ ಮಾತ್ರ ಬಿಡುವಿಲ್ಲ. ಬರಬರುತ್ತ ಜನನಿ ಬಾಗುವುದನ್ನೇ ಬಿಟ್ಟಳು. ಬೇಡಿ ಈಸಿಕೊಳ್ಳುವಂಥದ್ದೇ ಅದು?

ಹಣ್ಣು ಕವುಚಿಟ್ಟು ಹಿಡಿ ಎಳೆದಳು. ರಸ ಸೊರಸೊರನೆ ಇಳಿದು ನಿಂತಿತು. ಇನ್ನೊಂದು ಹನಿ ಇದ್ದೀತು ಎಂದು ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಸಿಪ್ಪೆ ಕಟಕಟ ಎಂದಿತು. ಲೋಟ ತುಂಬಿಸಿ ಎರಡೂ ಕೈಯಲ್ಲಿ ಹಿಡಿದುಕೊಟ್ಟಳು.

ಮಾದಿಯಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ದಾಳಿಂಬೆ ಹಿಂಡಿದೆಯೋ, ಬೇವು ಹಿಂಡಿದೆಯೋ?"

ಜನನಿಗೆ ತಪ್ಪು ತಿಳಿಯಿತು. ಸಿಪ್ಪೆಗೆ ಒತ್ತು ಬಿದ್ದರೆ ರಸ ಕಹಿಯಾಗುತ್ತದೆ; ಅಂಗಡಿಯಲ್ಲಿ ಮೊದಲ ದಿನ ಕಲಿಸಿದ್ದೇ ಅದನ್ನು. "ಒಂದು ಹನಿಯೂ ಉಳಿಯಬಾರದು ಅಂದುಕೊಂಡೆ, ಮಾಮಿ" ಎಂದು ತಲೆ ತಗ್ಗಿಸಿದಳು.

ಮಾದಿಯಮ್ಮ ಅಪ್ಪಚ್ಚಿಯಾಗಿದ್ದ ಹೋಳನ್ನು ಎತ್ತಿ ಬೆಳಕಿಗೆ ಹಿಡಿದಳು. "ನಿನ್ನ ಮಾವ ಎಮ್ಮೆ ಕರೆಯೋದನ್ನ ನೀನು ನೋಡಲಿಲ್ಲ. ಕೊನೇ ಧಾರೆ ಕರುವಿಗೆ ಅಂತ ಬಿಟ್ಟೇ ಏಳೋರು. ಬಿಡದೆ ಹಿಂಡಿದರೆ ಎಮ್ಮೆ ಒದೆಯುತ್ತೆ. ಈ ಹಣ್ಣಿಗೆ ಕಾಲಿಲ್ಲ, ಪಾಪ. ಕಹಿ ಕೊಟ್ಟಿತು."

ಹೇಳಿದ ಮಾತು ತನ್ನ ಕಿವಿಗೇ ಬಿದ್ದವಳಂತೆ ಅವಳು ಸೊಸೆಯ ತಗ್ಗಿದ ತಲೆಯನ್ನೇ ನೋಡಿದಳು. ಒಲೆಯಲ್ಲಿ ಸೌದೆ ಚಟಪಟ ಎಂದಿತು. ಆಮೇಲೆ ಕಂಬಳಿ ಸರಿಸಿ ಕೈ ಚಾಚಿದಳು. "ಆ ಚೂರಿ ಇತ್ತ ಕೊಡು. ನಾನು ಹೋಳು ಮಾಡ್ತೀನಿ, ನೀನು ಎಳಿ."

ಮುದುಕಿ ಹಣ್ಣನ್ನು ಅಡ್ಡಕ್ಕೆ ಕೊಯ್ದಳು. ಹಣ್ಣಿನ ರಸ ಮೊಣಕೈವರೆಗೆ ಹರಿಯಿತು. ಜನನಿ ಬೇರೆ ಲೋಟ ಇಟ್ಟು ಹಿಡಿ ಎಳೆದಳು. ರಸ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಮಾದಿಯಮ್ಮ "ಸಾಕು" ಎಂದಳು. ಜನನಿ ನಿಲ್ಲಿಸಿದಳು. ಇನ್ನೊಂದು ಹೋಳು. "ಸಾಕು." ಮತ್ತೊಂದು. ಈ ಸಲ ಮಾದಿಯಮ್ಮ ಹೇಳಲಿಲ್ಲ. ಜನನಿಯ ಕೈ ತಾನಾಗಿ ನಿಂತಿತು. ಲೋಟದೊಳಗೆ ಒಲೆಯ ಬೆಳಕೂ ತೂರದಷ್ಟು ಗಾಢವಾದ ಕೆಂಪು.

ಲೋಟ ಕೊಡಹೋದರೆ ಅತ್ತೆ ತುಟಿಗೆ ತಾಗಿಸಲಿಲ್ಲ. "ಇದು ಮೊದಲು ಹೆತ್ತೆಯಮ್ಮನಿಗೆ" ಎಂದು ಗೋಡೆ ಹಿಡಿದು ಎದ್ದಳು. ಜನನಿ ಕುಲದ ಆ ಹಿರಿತಾಯಿಯ ದೀಪದ ಮುಂದೆ ಲೋಟ ಇಟ್ಟು ನಮಸ್ಕರಿಸಿದಳು. ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದಳು. ದೀಪಕ್ಕೆ ಬಾಗಿದ ಮೇಲೆ ಮನೆಯ ಹಿರಿಯರಿಗೆ ಬಾಗುವುದು ಕ್ರಮ. ಜನನಿ ಬಾಗಲಿಲ್ಲ. ಮುದುಕಿಗೆ ಕಷ್ಟವಾಗದಿರಲೆಂದು ನೆವವನ್ನೂ ತಾನೇ ಹೇಳಿದಳು.

"ನಿಮ್ಮ ಕೈ ಒದ್ದೆಯಾಗಿದೆ, ಮಾಮಿ. ತೊಳೆಯೋಕೆ ಬಿಸಿನೀರು ತರ್ತೀನಿ."

"ನೀರು ಆಮೇಲೆ ತಂದೀಯಂತೆ. ಬಾಗು, ಹೆಣ್ಣೇ."

ಜನನಿ ಬಾಗಿದಳು. ನೆತ್ತಿಯ ಮೇಲೆ ತಣ್ಣನೆಯ, ಅಂಟಂಟಾದ ಕೈಯೊಂದು ಬಂದು ಕೂತಿತು.

"ಬದುಕು" ಎಂದಳು ಮಾದಿಯಮ್ಮ, ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯನ್ನು ಬಹಳ ತಡವಾಗಿ ಮರಳಿಸುವವರ ದನಿಯಲ್ಲಿ. "ಒಂದು ಸಾವಿರವಾಗಲಿ."

ಬೈತಲೆಯಿಂದ ಇಳಿದ ಒಂದು ಕೆಂಪು ಹನಿ ಹಣೆಯನ್ನು ದಾಟಿ ಮೂಗಿನ ತುದಿಗೆ ಬಂದು ನಿಂತಿತು. ಜನನಿ ಅದನ್ನು ಒರೆಸಿಕೊಳ್ಳಲಿಲ್ಲ.