ವಕೀಲರು ಯಾರಿಗೆ?

ಪೊಲೀಸರು ದೊಡ್ಡ ವಾಷಿಂಗ್ ಮೆಷಿನ್ನಿನೊಳಗೆ ಮತ್ತೆ ಟಾರ್ಚ್ ಬಿಟ್ಟು ನೋಡಿದರು. ನಿನ್ನೆಯೂ ನೋಡಿದ್ದರು. ಒಗೆಯಲು ಬಂದ ಬೆಡ್‌ಶೀಟುಗಳು, ಕೋಟುಗಳು ಲಾಂಡ್ರಿಯ ನೆಲದ ಮೇಲೆ ರಾಶಿ ಬಿದ್ದಿದ್ದವು. ಬಾಗಿಲಲ್ಲಿ ಗಿರಾಕಿಯೊಬ್ಬ ರಸೀತಿ ಹಿಡಿದು ನಿಂತಿದ್ದ.

"ನನ್ನ ಕೋಟು ಇವತ್ತು ಸಿಗತ್ತಾ? ನಾಳೆ ಇಂಟರ್‌ವ್ಯೂ."

"ಇವರ ಮಗಳೇ ಸಿಕ್ಕಿಲ್ಲ, ನಿಮ್ಮ ಕೋಟಂತೆ" ಎಂದ ಪೇದೆ.

ಗಿರಾಕಿ ಹೋದ. ಲಾಂಡ್ರಿಯವನ ಹೆಂಡತಿ ರಾಶಿಯಿಂದ ಒಂದು ಕೋಟು ಎತ್ತಿ, ಕೊಡವಿ, ಹ್ಯಾಂಗರಿಗೆ ಹಾಕಿದಳು.

ಕೆಳಗೆ ಅಂಗಡಿ, ಮೇಲೆ ಮನೆ. ಗಂಡನದು ಒಗೆತ, ಹೆಂಡತಿಯದು ಇಸ್ತ್ರಿ. ಮೆಷಿನ್ ಓಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಿಸದು, ಕೈಸನ್ನೆಯಲ್ಲೇ ಸಂಸಾರ. ಶಿಶುವಿಹಾರಕ್ಕೆ ಹೋಗುವ ಮಗಳನ್ನು ಮನೆಯಲ್ಲಿ ಪಿಟೀಲು ಎನ್ನುತ್ತಿದ್ದರು. ಕೇಳಿದ್ದು ಕೊಡುವವರೆಗೆ ಒಂದೇ ರಾಗ ಎಳೆಯುತ್ತಿದ್ದಳು. ಶಾಲೆಯ ವ್ಯಾನಿನಲ್ಲಿ ಅವಳದೇ ಕೊನೆಯ ಸ್ಟಾಪು. ವ್ಯಾನು ಬೀದಿಯ ತುದಿಗೆ ಬಂದಾಗ ಇಬ್ಬರಲ್ಲಿ ಯಾರ ಕೈ ಬಿಡುವಾಗಿದೆಯೋ ಅವರು ಹೋಗಿ ಕರೆತರುವುದು ರೂಢಿ.

ಮಗು ಕಾಣೆಯಾದ ಸಂಜೆಯೇ ವ್ಯಾನಿನವನು ಓಡಿಬಂದಿದ್ದ. "ದಿನಾ ಇಳಿಸೋ ಜಾಗದಲ್ಲೇ ಇಳಿಸಿದೆ ಸಾರ್. ಹಿಂದೆ ಯಾವನೋ ಹಾರ್ನ್ ಹೊಡೀತಿದ್ದ, ಹೊರಟುಬಿಟ್ಟೆ" ಎಂದ.

ಇನ್‌ಸ್ಪೆಕ್ಟರು ತಂದೆ ತಾಯಿಯ ಕಡೆ ತಿರುಗಿದರು. "ಆಮೇಲೆ ಮಗುವನ್ನ ನೋಡಿದ್ದು ಯಾರು?"

"ನಾನು" ಎಂದ ಗಂಡ. "ನಾನೇ ಹೋಗಿ ಕರ್ಕೊಂಡು ಬಂದೆ. ಮೆಟ್ಟಿಲು ಹತ್ತಿಸಿ ಮೆಷಿನ್ ಹತ್ರ ಹೋದೆ."

ಹೆಂಡತಿ ಅವನ ಮುಖ ನೋಡಿದಳು.

"ಊಟ ಬಡಿಸಿದ್ದು ನಾನು" ಎಂದಳು. "ತಿಂದು ಮಲಗಿದಳು."

ಈಗ ಅವನು ಅವಳ ಮುಖ ನೋಡಿದ.

ಮಾತಿಗೆ ಮಾತು ತಾಳೆಯಾಯಿತು. ಹುಡುಕಾಟ ಮನೆಯೊಳಗೆ ತಿರುಗಿತು. ನೀರಿನ ತೊಟ್ಟಿ, ಮಾಳಿಗೆ, ಮಂಚದ ಕೆಳಗೆ, ಬಟ್ಟೆ ಮೂಟೆಗಳು. ಮನೆಯೊಳಗೆ ಬಂದ ಮಗು ಎಲ್ಲಿ ಹೋಗುತ್ತದೆ? ದಿನ ಕಳೆದಂತೆ ಇನ್‌ಸ್ಪೆಕ್ಟರು ಠಾಣೆಯಲ್ಲಿ ಇವರಿಗೆ ಕುರ್ಚಿ ಕೊಡುವುದನ್ನು ಬಿಟ್ಟರು. ಪಕ್ಕದ ಮನೆಯವಳು ಪಾತ್ರೆಯಲ್ಲಿ ಊಟ ತಂದುಕೊಡುವುದನ್ನೂ ಬಿಟ್ಟಳು.

"ರೀ, ಒಬ್ಬ ವಕೀಲರನ್ನ ನೋಡಿ" ಎಂದಳು ಹೆಂಡತಿ.

"ಯಾರಿಗೆ?"

"ನಿಮಗೆ."

"ನನಗ್ಯಾಕೆ? ಬೇಕಿದ್ದರೆ ನಿನಗಿರಲಿ."

ಆಮೇಲೆ ಅವನೇ ಮೆಲ್ಲಗೆ ಹೇಳಿದ: "ಕಳೆದ ವಾರ ಅವಳಿಗೆ ಹೊಡೆದೆಯಲ್ಲ, ಅದನ್ನ ಅವರ ಮುಂದೆ ಬಾಯಿಬಿಡಬೇಡ."

"ನೀವು ಮೆಷಿನ್ ಹತ್ರ ಅವಳನ್ನ ಆಟಕ್ಕೆ ಬಿಡ್ತಿದ್ದದ್ದನ್ನ ನಾನು ಹೇಳಿದ್ದೀನಾ?"

ವ್ಯಾನಿನವನು ಮಾತ್ರ ಬರುವುದನ್ನು ಬಿಡಲಿಲ್ಲ. ಮಗುವಿನ ಫೋಟೋ ಅಂಟಿಸಿ ಬರುತ್ತಿದ್ದ, ಚಹಾ ತರುತ್ತಿದ್ದ. ವಕೀಲರ ಮಾತು ಕಿವಿಗೆ ಬಿದ್ದು ಲೋಟ ಕೆಳಗಿಟ್ಟ.

"ತಪ್ಪು ಮಾಡದವರಿಗೆ ವಕೀಲ ಯಾಕಣ್ಣ? ಜನ ಏನಂತಾರೆ? ಅತ್ತಿಗೆ, ನೀವಾದರೂ ಹೇಳಿ. ಮೊದಲ ದಿನ ಏನು ಹೇಳಿದಿರೋ ಅದನ್ನೇ ಹೇಳ್ತಾ ಇರಿ, ಯಾರೂ ನಿಮ್ಮನ್ನ ಮುಟ್ಟಲ್ಲ."

ಅವನ ಮಾತು ಕೇಳಿ ಇನ್ನಷ್ಟು ದಿನ ಹೋದವು. ಮಗಳ ದಿಂಬಿನ ಮೇಲಿದ್ದ ಎಣ್ಣೆ ಕಲೆಯ ಕವರನ್ನು ಒಗೆಯಲು ಗಂಡ ಎತ್ತಿಕೊಂಡ, ಹೆಂಡತಿ ಕಿತ್ತುಕೊಂಡಳು. ಊರಿನ ಕೊಳೆಯೆಲ್ಲ ತೊಳೆಯುವ ಮನೆಯಲ್ಲಿ ಅದೊಂದು ಹಾಗೇ ಉಳಿಯಿತು. ಆ ದಿನವೇ ಅವಳು ಚಪ್ಪಲಿ ಮೆಟ್ಟಿದಳು. "ನೀವು ಬರದಿದ್ದರೆ ನಾನೊಬ್ಬಳೇ ಹೋಗ್ತೀನಿ."

"ಹೋಗಲೇಬೇಕು ಅಂದರೆ ನಾನೇ ಬಿಡ್ತೀನಿ ಅತ್ತಿಗೆ" ಎಂದ ವ್ಯಾನಿನವನು. "ಬಸ್ಸಲ್ಲಿ ಜನ ದುರುಗುಟ್ಟಿ ನೋಡ್ತಾರೆ."

ವಕೀಲೆಯ ಕಚೇರಿ ಮೇಲಿನ ಮಹಡಿಯಲ್ಲಿತ್ತು. ಇಬ್ಬರನ್ನೂ ಇಳಿಸಿದ ವ್ಯಾನಿನವನು ಕೆಳಗೇ ಕಾಯುತ್ತೇನೆಂದ. ವಯಸ್ಸಾದ ಹೆಂಗಸು, ಒರಟು ದನಿ. "ಇಬ್ಬರ ಮಾತನ್ನೂ ಒಟ್ಟಿಗೆ ಕೇಳಲ್ಲ" ಎಂದರು. "ಒಬ್ಬೊಬ್ಬರೇ ಬನ್ನಿ. ನನ್ನ ಹತ್ತಿರ ಸುಳ್ಳು ಹೇಳೋದಾದರೆ ಈಗಲೇ ಎದ್ದು ಹೋಗಿ."

ಗಂಡ ಮೊದಲು ಹೋದ.

"ನಾನು ವ್ಯಾನ್ ಹತ್ತಿರ ಹೋಗೇ ಇಲ್ಲ ಮೇಡಂ. ಲಾಡ್ಜಿಗೆ ಬಟ್ಟೆ ಕೊಟ್ಟು ಬರೋದು ತಡವಾಯ್ತು. ಬಂದರೆ ಇವಳು ಮೂಟೆ ಮೇಲೆ ನಿದ್ದೆ ಹೋಗಿದ್ದಳು. ತಾಯಿ ಮಲಗಿದ್ದಳಂತೆ ಅಂತ ಜನ ಆಡಿಕೊಳ್ಳೋದು ಬೇಡ ಅಂತ, ನಾನೇ ಕರ್ಕೊಂಡು ಬಂದೆ ಅಂದೆ. ಆದರೆ ಇವಳು ಊಟ ಬಡಿಸಿದೆ ಅಂದಳು! ಅಂದರೆ ಮಗು ತಾನೇ ನಡ್ಕೊಂಡು ಮನೆಗೆ ಬಂದಿದೆ. ಆಮೇಲೆ ಏನಾಯ್ತೋ. ಇವಳಿಗೆ ಕೋಪ ಬಂದರೆ ಕೈ ನಿಲ್ಲಲ್ಲ. ನನಗೇನಾದರೂ ಆಗಲಿ, ಇವಳನ್ನ ಉಳಿಸಿ."

ಆಮೇಲೆ ಹೆಂಡತಿ. ಅವಳು ಕೂರಲೇ ಇಲ್ಲ.

"ನಾನು ಊಟ ಬಡಿಸಲಿಲ್ಲ. ನಿದ್ದೆಯಲ್ಲಿದ್ದೆ, ಮಗುವನ್ನ ನೋಡೇ ಇಲ್ಲ. ಕರ್ಕೊಂಡು ಬಂದೆ ಅಂತ ಇವರೇ ಅಂದರು. ಇವರೊಬ್ಬರೇ ನೋಡಿದ್ದು ಅಂತಾದರೆ ಇವರನ್ನೇ ಹಿಡೀತಾರೆ ಅಂತ ನಾನೂ ನೋಡಿದೆ ಅಂದೆ. ಆ ಮೆಷಿನ್ನಿಂದ ಏನಾಯ್ತೋ, ಹೇಗೆ ಮುಚ್ಚಿಟ್ಟರೋ, ಕೇಳೋಕೆ ಧೈರ್ಯ ಇಲ್ಲ. ಬೇಕೂಂತ ಮಾಡೋರಲ್ಲ ಮೇಡಂ. ಇವರನ್ನ ಉಳಿಸಿ."

ವಕೀಲೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಎದ್ದು ಬಾಗಿಲು ತೆರೆದು ಗಂಡನನ್ನೂ ಒಳಗೆ ಕರೆದರು. ಒರಟು ದನಿ ಈಗ ಕುಗ್ಗಿತ್ತು.

"ಅವತ್ತು ನೀವಿಬ್ಬರೂ ಮಗುವನ್ನ ನೋಡಿಲ್ಲ. ಹಾಗಾದರೆ ಅವಳು ವ್ಯಾನಿಂದ ಇಳಿದಳು ಅಂತ ಹೇಳಿದ್ದು ಯಾರು?"

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದರು; ಕೆಳಗೆ ರಸ್ತೆಯಲ್ಲಿ ವ್ಯಾನು ನಿಂತಿದ್ದ ಜಾಗ ಖಾಲಿಯಾಗಿತ್ತು.